ಆಯ, ವ್ಯಯ ಮತ್ತು ಕೆರೆಯ ಏರಿ: ಮೈಸೂರು ಸಂಸ್ಥಾನದ ಮುಂಗಡಪತ್ರದ ಆದ್ಯತೆಗಳು

ಮೈಸೂರು ಸಂಸ್ಥಾನದ ಆಡಳಿತ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅದರ ಹಣಕಾಸಿನ ಶಿಸ್ತನ್ನು ಕೊಂಡಾಡಿದ್ದಾರೆ. 1881ರಲ್ಲಿ ಸಾಲದ ಹೊರೆಯೊಂದಿಗೆ ಒಡೆಯರ ಕೈಗೆ ಮರಳಿದ ರಾಜ್ಯ ಅರ್ಧ ಶತಮಾನದೊಳಗೆ ರೈಲು, ವಿದ್ಯುತ್ತು, ಅಣೆಕಟ್ಟು, ವಿಶ್ವವಿದ್ಯಾನಿಲಯ, ಕಬ್ಬಿಣದ ಕಾರ್ಖಾನೆಗಳನ್ನು ಕಂಡದ್ದು ಸಣ್ಣ ಸಾಧನೆಯಲ್ಲ. ಆದರೆ ಈ ಚರಿತ್ರೆಯ ಆಕರಗಳೆಲ್ಲವೂ ಖಜಾನೆಯ ಕಡೆಯಿಂದ ಹುಟ್ಟಿದವು. ದಿವಾನರ ಭಾಷಣ, ಆಡಳಿತ ವರದಿ, ಗೆಜೆಟಿಯರ್, ಇಲಾಖೆಯ ನಡಾವಳಿ ಇವೆಲ್ಲ ಖಜಾನೆಯಿಂದ ಹೊರಟ ಹಣವನ್ನು ಲೆಕ್ಕ ಹಾಕುತ್ತವೆ. ಖಜಾನೆಗೆ ಬಾರದೆ, ಖಜಾನೆಯಿಂದ ಹೋಗದೆ ಊರಿನೊಳಗೇ ಸಂದಾಯವಾಗುತ್ತಿದ್ದ ಕಾಳು, ದುಡಿಮೆ, ಮಾನ್ಯದ ಭೂಮಿ ಇವುಗಳ ಲೆಕ್ಕವನ್ನು ಕೊಡುವುದಿಲ್ಲ. ಜಾನಪದದ ವಿದ್ಯಾರ್ಥಿಯೊಬ್ಬ ಮುಂಗಡಪತ್ರದ ಚರಿತ್ರೆಗೆ ಕೈಹಾಕುವುದಕ್ಕೆ ಈ ಕೊರತೆಯೇ ಸಮರ್ಥನೆಯೆಂದು ಭಾವಿಸಿ, ಪ್ರಸ್ತುತ ಪ್ರಬಂಧದಲ್ಲಿ ಸಂಸ್ಥಾನದ ವೆಚ್ಚದ ಆದ್ಯತೆಗಳನ್ನು ಕೆರೆಯೆಂಬ ಒಂದೇ ವಸ್ತುವಿನ ಮೂಲಕ ನೋಡಲು ಪ್ರಯತ್ನಿಸಲಾಗಿದೆ. ಕೆರೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳವಾದುದು. ಹಳೆಯ ಮೈಸೂರಿನಲ್ಲಿ ಸರ್ಕಾರದ ಆಯಕ್ಕೂ ವ್ಯಯಕ್ಕೂ ರೈತನ ಆಯಕ್ಕೂ ವ್ಯಯಕ್ಕೂ ಏಕಕಾಲದಲ್ಲಿ ಸೇರುವ ವಸ್ತು ಅದೊಂದೇ.

ಮೊದಲು ಪದದ ವಿಚಾರ. 'ಆಯವ್ಯಯ'ವೆಂಬ ಸಂಸ್ಕೃತ ಸಮಾಸ ನಮ್ಮ ಶಾಸನಸಭೆಯ ಭಾಷೆಯಲ್ಲಿ ನೆಲೆಗೊಂಡಿದೆ. ಅದರಲ್ಲಿನ ಪೂರ್ವಪದವಾದ 'ಆಯ' ಹಳ್ಳಿಗನಿಗೆ ಹೊಸದಲ್ಲ. ಆದರೆ ಅವನ ಆಯ ಖಜಾನೆಯ ಆದಾಯವಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಮನೆಗೆ ಒಯ್ಯುವ ಮೊದಲು ಊರಿನ ಸೇವಕವರ್ಗಕ್ಕೆ ಅಳೆದು ಕೊಡುತ್ತಿದ್ದ ಪಾಲು ಅದು. ಅದನ್ನು ಪಡೆಯುವವರು ಆಯಗಾರರು. ಗೌಡ, ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ಪಂಚಾಂಗದವರು ಮೊದಲಾಗಿ ಹನ್ನೆರಡು ಆಯಗಳೆಂದು ಎಣಿಸುವ ರೂಢಿ. ಪ್ರದೇಶದಿಂದ ಪ್ರದೇಶಕ್ಕೆ ಪಟ್ಟಿ ತುಸು ಬದಲಾಗುತ್ತದೆ. ಕೆರೆಯಿರುವ ಊರಿನಲ್ಲಿ ಈ ಪಟ್ಟಿಯಿಂದ ಎಂದೂ ಬಿಟ್ಟುಹೋಗದವನು ನೀರಗಂಟಿ. ತೂಬನ್ನು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ತಿರುಗಿ ಬಿಲಬಿದ್ದ ಜಾಗವನ್ನು ಗುರುತಿಸುವುದು ಅವನ ಕೆಲಸ. ಸಂಸ್ಥಾನದ ನೀರಾವರಿಯ ವೆಚ್ಚವನ್ನು ತಿಳಿಯಬಯಸುವವರು ಎಷ್ಟೇ ವರದಿಗಳನ್ನು ತಿರುವಿಹಾಕಿದರೂ ಈತನ ಸಂಬಳವನ್ನು ಕಾಣಲಾರರು, ಏಕೆಂದರೆ ಅದು ಕಣದಲ್ಲಿ ಸಂದಾಯವಾಗುತ್ತಿತ್ತು.

ಕೆರೆಯ ವೆಚ್ಚವನ್ನು ಖಜಾನೆಯ ಹೊರಗೆ ನಿಲ್ಲಿಸುವ ಕ್ರಮ ಬಹಳ ಹಳೆಯದು. ಕರ್ನಾಟಕದ ಶಾಸನಗಳಲ್ಲಿ ಪದೇ ಪದೇ ಎದುರಾಗುವ ಕಟ್ಟುಗೊಡಗೆ, ಕೆರೆಗೊಡಗೆ, ದಶವಂದ, ಬಿತ್ತುವಟ್ಟ ಎಂಬ ಪಾರಿಭಾಷಿಕ ಪದಗಳು ಕೆರೆ ಕಟ್ಟಿಸಿದವನಿಗೋ ಕಾಪಾಡುವವನಿಗೋ ಬಿಟ್ಟ ಭೂಮಿ ಅಥವಾ ಉತ್ಪನ್ನದ ಭಾಗವನ್ನು ಸೂಚಿಸುತ್ತವೆ. ಹೂಳು ಸಾಗಿಸುವ ಬಂಡಿಯ ಖರ್ಚಿಗೆಂದೇ ದತ್ತಿ ಬಿಟ್ಟ ಶಾಸನಗಳೂ ಉಂಟು. ಅರಸು ಕೊಡುತ್ತಿದ್ದುದು ಹಣವನ್ನಲ್ಲ, ತನಗೆ ಬರಬೇಕಾದ ಆದಾಯದ ಒಂದು ತುಣುಕನ್ನು ಶಾಶ್ವತವಾಗಿ ಬಿಟ್ಟುಕೊಡುತ್ತಿದ್ದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ಕೆರೆಗೂ ಅದರದೇ ಆದ ಮುಂಗಡಪತ್ರವಿತ್ತು. ವರ್ಷವರ್ಷವೂ ಯಾರನ್ನೂ ಕೇಳಿ ಮಂಜೂರು ಮಾಡಿಸಬೇಕಾಗಿರಲಿಲ್ಲ. ವಿಜಯನಗರದ ಕಾಲದ, ಇಂದಿನ ಆಂಧ್ರದಲ್ಲಿರುವ ಪೋರುಮಾಮಿಳ್ಳದ 1369ರ ಶಾಸನವಂತೂ ಕೆರೆಗೆ ಬೇಕಾದ ಅಂಗಗಳನ್ನೂ ಬರಬಹುದಾದ ದೋಷಗಳನ್ನೂ ಪಟ್ಟಿಮಾಡಿ, ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಎಂದು ಕೆಲಸದ ಪ್ರಮಾಣವನ್ನೂ ದಾಖಲಿಸುತ್ತದೆ.

ಈ ಶಾಸನವನ್ನು ಓದುವಾಗಲೆಲ್ಲ ನನಗೆ ಮದಗದ ಕೆರೆಯ ಹಾಡು ನೆನಪಾಗುತ್ತದೆ. ಕಡೂರು ಸೀಮೆಯ ಕೆರೆಯೊಂದಿಗೆ ಸಾಮಾನ್ಯವಾಗಿ ಗುರುತಿಸಲಾಗುವ, ಇಂದು ಕ್ಯಾಸೆಟ್ಟು ಚಲನಚಿತ್ರಗಳ ಮೂಲಕ ನಾಡಿಗೆಲ್ಲ ಪರಿಚಿತವಾಗಿರುವ ಆ ಹಾಡಿನಲ್ಲಿ ಮಾಯದ ಮಳೆ ಸುರಿದು ಕೆರೆ ತುಂಬುತ್ತದೆ. ಆಮೇಲೆ ಬರುವುದು ಒಡ್ಡರ ಸಂಖ್ಯೆ, ಗುದ್ದಲಿಗಳ ಸಂಖ್ಯೆ. ನಮ್ಮ ಸಂಗ್ರಾಹಕರು ಈ ಸಂಖ್ಯೆಗಳನ್ನು ಜನಪದ ಕಾವ್ಯದ ಉತ್ಪ್ರೇಕ್ಷೆಯೆಂದು ಬದಿಗಿರಿಸುವುದುಂಟು. ಉತ್ಪ್ರೇಕ್ಷೆ ಇದ್ದೀತು. ಆದರೆ ಕೆರೆ ತುಂಬಿದ ಸಂಭ್ರಮದ ನಡುವೆ ಹಾಡುಗಾರ್ತಿಗೆ ಆಳು ಮತ್ತು ಸಲಕರಣೆಯ ಲೆಕ್ಕ ಏಕೆ ನೆನಪಾಯಿತೆಂಬ ಪ್ರಶ್ನೆಯನ್ನು ನಾವು ಕೇಳಿಲ್ಲ. ತುಂಬಿದ ಕೆರೆ ಎಂದರೆ ಏರಿಗೆ ಅಪಾಯ; ಏರಿಗೆ ಅಪಾಯವೆಂದರೆ ತತ್‌ಕ್ಷಣದ ವೆಚ್ಚ. ಲೋಕೋಪಯೋಗಿ ಇಲಾಖೆಯ ಅಂದಾಜುಪಟ್ಟಿಯೂ ಇದನ್ನೇ ಹೇಳುತ್ತದೆ, ಹಾಡದೆ.

ಇನ್ನು ಸಂಸ್ಥಾನದ ಹಣಕಾಸಿನ ಹಿನ್ನೆಲೆ. 1799ರಲ್ಲಿ ಟಿಪ್ಪುವಿನ ಪತನಾನಂತರ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಏರ್ಪಟ್ಟ ಸಹಾಯಕ ಸೈನ್ಯದ ಒಪ್ಪಂದ ಮೈಸೂರಿನ ಮೇಲೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ 24.5 ಲಕ್ಷ ರೂಪಾಯಿಗಳ ಪೊಗದಿಯನ್ನು ಹೇರಿತು. ಅಲ್ಲಿಂದ ಮುಂದೆ ಸಂಸ್ಥಾನದ ವೆಚ್ಚದ ಪಟ್ಟಿಯಲ್ಲಿ ಮೊದಲ ಬಾಬು ಯಾವುದೆಂಬುದನ್ನು ಮೈಸೂರು ನಿರ್ಧರಿಸಲಿಲ್ಲ. ದಿವಾನ್ ಪೂರ್ಣಯ್ಯನವರ ಅವಧಿಯಲ್ಲಿ (1811ರವರೆಗೆ) ಪೊಗದಿಯನ್ನೂ ತೆತ್ತು, ಕೆರೆಕಾಲುವೆಗಳ ಜೀರ್ಣೋದ್ಧಾರವನ್ನೂ ನಡೆಸಿ, ಖಜಾನೆಯಲ್ಲಿ ಹಣವನ್ನೂ ಉಳಿಸಲಾಯಿತು. ಮುಂದೆ ಅಮಲ್ದಾರರು ಇಂತಿಷ್ಟು ಕಂದಾಯ ವಸೂಲು ಮಾಡಿಕೊಡುವುದಾಗಿ ಕರಾರು ಬರೆದುಕೊಡುವ 'ಶರ್ತಿ' ಪದ್ಧತಿ ಜಾರಿಗೆ ಬಂದು, ಅದರ ಒತ್ತಡ ರೈತರ ಮೇಲೆ ಬಿದ್ದು, 1830-31ರ ನಗರದ ದಂಗೆಗೆ ಕಾರಣವಾಯಿತು. ದಂಗೆಯನ್ನೇ ನೆಪವಾಗಿಸಿಕೊಂಡು ಕಂಪನಿ ಸರ್ಕಾರ 1831ರಲ್ಲಿ ಆಡಳಿತವನ್ನು ವಹಿಸಿಕೊಂಡಿತು. ಅರಸರಿಗೆ ವರ್ಷಕ್ಕೆ ಒಂದು ಲಕ್ಷ ಪಗೋಡ ಹಾಗೂ ನಿವ್ವಳ ಆದಾಯದ ಐದರಲ್ಲೊಂದು ಭಾಗ ಗೊತ್ತಾಯಿತು.

ಕಮಿಷನರ ಆಳ್ವಿಕೆಯ ಐವತ್ತು ವರ್ಷಗಳನ್ನು ವಿವರವಾಗಿ ಚರ್ಚಿಸುವ ಅಗತ್ಯ ಇಲ್ಲಿಲ್ಲ. ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಎರಡು ಸಂಗತಿಗಳು ಮುಖ್ಯ. ಮೊದಲನೆಯದು, 1856ರಲ್ಲಿ ಲೋಕೋಪಯೋಗಿ ಇಲಾಖೆಯ ಸ್ಥಾಪನೆ. ಅದುವರೆಗೆ ಕಂದಾಯದ ಅಧಿಕಾರಿಗಳ ಕೈಕೆಳಗೆ 'ಮರಾಮತ್ತು' ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ದುರಸ್ತಿ ಇಂಜಿನಿಯರರ ಕೈಗೆ ಹೋಯಿತು. ಎರಡನೆಯದು, ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ ಮಾಡಿದ ಅವಲೋಕನ. ಸಂಸ್ಥಾನದ ಸುಮಾರು 27 ಸಾವಿರ ಚದರ ಮೈಲಿಗಳಲ್ಲಿ ನೂರಕ್ಕೆ ಅರವತ್ತರಷ್ಟು ನೆಲ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ, ಹೊಸ ಕೆರೆ ಕಟ್ಟಲು ಜಾಗ ಸಿಗುವುದೇ ದುರ್ಲಭವೆಂಬುದು ಆತನ ಅಭಿಪ್ರಾಯದ ಸಾರ. ಈ ಮಾತನ್ನು ನಮ್ಮವರು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಅದು ಹೆಮ್ಮೆಯ ಮಾತು ಹೇಗೋ ಹಾಗೆಯೇ ಖಜಾನೆಗೆ ಎಚ್ಚರಿಕೆಯ ಮಾತೂ ಹೌದು: ಕಟ್ಟಬೇಕಾದುದು ಇಲ್ಲದಿರುವಾಗ ಉಳಿಯುವುದು ಕಾಪಾಡುವ ವೆಚ್ಚ ಮಾತ್ರ. ಸರಣಿಯಲ್ಲಿ ಮೇಲಿನ ಕೆರೆ ಒಡೆದರೆ ಕೆಳಗಿನವೂ ಒಡೆಯುತ್ತವಾದ್ದರಿಂದ ಆ ವೆಚ್ಚವನ್ನು ಒಂದು ಊರಿನದೆಂದು ಬಿಡುವಂತೆಯೂ ಇಲ್ಲ.

ಧಾತು ಸಂವತ್ಸರದಲ್ಲಿ (1876-77) ಮಳೆ ಕೈಕೊಟ್ಟಿತು. ಈಶ್ವರದಲ್ಲಿಯೂ (1877-78) ಬರ ಬಿಡಲಿಲ್ಲ. ಮರುವರ್ಷದ ಹೆಸರು ಬಹುಧಾನ್ಯ. ಸಂವತ್ಸರಗಳ ಹೆಸರು ಮಾಡಿದ ವ್ಯಂಗ್ಯವನ್ನು ಹಳ್ಳಿಯವರು ಮರೆತಿಲ್ಲ. ಸರ್ಕಾರಿ ಕಾಗದದಲ್ಲಿ '1876-78ರ ಮಹಾಕ್ಷಾಮ'ವಾಗಿರುವುದು ಹಿರಿಯರ ಮಾತಿನಲ್ಲಿ 'ಧಾತು ಈಶ್ವರದ ಬರ'. ಖಾನೇಷುಮಾರಿಯ ಅಂಕಿಗಳನ್ನು ಗಮನಿಸಿದರೆ ವಿಪತ್ತಿನ ಅಳತೆ ಸಿಗುತ್ತದೆ. 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷಗಳ ಅಂತರದಲ್ಲಿ 8,69,224 ಮಂದಿ ಕಡಿಮೆ. ಆ ನಡುವೆ ಹುಟ್ಟಬೇಕಾಗಿದ್ದವರ ಲೆಕ್ಕ ಬೇರೆ. ಹಣದ ಕಡೆಯಿಂದ ನೋಡಿದರೆ ಖಜಾನೆಯ ಉಳಿತಾಯ ಕರಗಿ, ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ ನಿಂತಿತ್ತು. ಹಸಿದವರಿಗೆ ಕೂಲಿ ಒದಗಿಸಲು ಕೈಗೊಂಡ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸವೂ ಒಂದು. 1882ರಲ್ಲಿ ಆ ದಾರಿ ಮೈಸೂರು ಮುಟ್ಟಿತು.

1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯ ಮರಳಿದಾಗ ದಿವಾನ್ ರಂಗಾಚಾರ್ಲು ಅವರ ಮುಂದಿದ್ದ ಲೆಕ್ಕ ಹೀಗಿತ್ತು: ವಾರ್ಷಿಕ ಆದಾಯ ಒಂದು ಕೋಟಿ ರೂಪಾಯಿಯ ಆಸುಪಾಸು, ಅದರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಭಾಗ ಭೂಕಂದಾಯ, ಪೊಗದಿಗೆ 24.5 ಲಕ್ಷ, ಎಂದರೆ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಪಾಲು. ಮೇಲೆ ಸಾಲದ ಬಡ್ಡಿ. ರಾಜ್ಯವನ್ನು ಹಿಂದಿರುಗಿಸುವ ಪತ್ರದಲ್ಲಿ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಷರತ್ತು ಸೇರಿತ್ತು. ಬರದ ಪೆಟ್ಟನ್ನು ಪರಿಗಣಿಸಿ ಅದರ ಜಾರಿಯನ್ನು ಮುಂದೂಡುತ್ತ ಬಂದು 1896ರಲ್ಲಿ ಹೇರಲಾಯಿತು. ಈ ಇಕ್ಕಟ್ಟಿನಲ್ಲಿ ರಂಗಾಚಾರ್ಲು ಅವರು ಆಡಳಿತದ ಹುದ್ದೆಗಳನ್ನು ಕಡಿತಗೊಳಿಸಿದ್ದು ನಿರೀಕ್ಷಿತವೇ. ಅನಿರೀಕ್ಷಿತವಾದುದು ಅವರ ಇನ್ನೊಂದು ಹೆಜ್ಜೆ. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ರೈತ ಮತ್ತು ವರ್ತಕ ಪ್ರತಿನಿಧಿಗಳನ್ನು ಮೈಸೂರಿಗೆ ಕರೆಸಿ ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಕಾರ್ಯಕ್ರಮವನ್ನೂ ಅವರ ಮುಂದಿಟ್ಟರು. ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದು ಹೀಗೆ. ಬ್ರಿಟಿಷ್ ಇಂಡಿಯಾದಲ್ಲಿ ಜೇಮ್ಸ್ ವಿಲ್ಸನ್ 1860ರಲ್ಲಿಯೇ ಮೊದಲ ಮುಂಗಡಪತ್ರವನ್ನು ಮಂಡಿಸಿದ್ದರೂ ಶಾಸನಸಭೆಯ ಸದಸ್ಯರಿಗೆ ವಾರ್ಷಿಕ ಲೆಕ್ಕದ ಮೇಲೆ ಚರ್ಚಿಸುವ ಅವಕಾಶ ದೊರೆತದ್ದು 1892ರ ಕಾಯಿದೆಯಿಂದ ಎಂಬುದನ್ನು ಹೋಲಿಕೆಗೆ ಗಮನಿಸಬಹುದು.

ಸಭೆಗೆ ಮತ ಹಾಕುವ ಅಧಿಕಾರವಿರಲಿಲ್ಲ. ಆರಂಭದಲ್ಲಿ ಅದರ ಸದಸ್ಯರು ಚುನಾಯಿತರೂ ಆಗಿರಲಿಲ್ಲ. ದಸರೆಗೆ ಅರಮನೆಯ ಮುಂದೆ ನೆರೆಯುವ ಹಳೆಯ ದರ್ಬಾರಿನ ಮುಂದುವರಿಕೆಯೆಂದು ಅದನ್ನು ಹಗುರಾಗಿ ಕಂಡವರುಂಟು. ಜಾನಪದದ ದೃಷ್ಟಿಯಿಂದ ನನಗೆ ಆ ಹೋಲಿಕೆ ಹಗುರವೆನಿಸುವುದಿಲ್ಲ. ವಿಜಯದಶಮಿಯ ಕಾಲದಲ್ಲಿ ಊರುಗೌಡ ಅರಸನ ಮುಂದೆ ನಿಂತು ಕಾಣಿಕೆಯೊಪ್ಪಿಸಿ ಅಹವಾಲು ಹೇಳಿಕೊಳ್ಳುವ ಪದ್ಧತಿಗೂ ದಿವಾನ ಗೌಡನ ಮುಂದೆ ನಿಂತು ಲೆಕ್ಕ ಒಪ್ಪಿಸುವ ಪದ್ಧತಿಗೂ ನಡುವೆ ದಿಕ್ಕಿನ ವ್ಯತ್ಯಾಸವಿದೆ. ಆದರೆ ಎರಡಕ್ಕೂ ಋತು ಒಂದೇ, ನೆಲ ಒಂದೇ. ಪ್ರತಿನಿಧಿಗಳು ತಾಲ್ಲೂಕುವಾರು ತಂದ ಅಹವಾಲುಗಳಲ್ಲಿ ಕೆರೆಯ ದುರಸ್ತಿ ವರ್ಷವರ್ಷವೂ ಮರಳಿ ಬರುವ ವಿಷಯ. ದಿವಾನರ ಭಾಷಣದ ಅಂಕಿಅಂಶಗಳ ಎದುರು ಇಂಥ ಊರಿನ ಇಂಥ ಕೆರೆಯ ಕೋಡಿ ಕಿತ್ತುಹೋಗಿದೆಯೆಂಬ ಮಾತು ಅಲ್ಪವಾಗಿ ತೋರಬಹುದು. ಒಂದು ಬಾಬಿನಡಿ ಸೇರಿಸಿದ ಮೊತ್ತಕ್ಕೆ ಊರಿನ ಹೆಸರಿಲ್ಲ, ಅಹವಾಲಿಗೆ ಊರಿನ ಹೆಸರಲ್ಲದೆ ಬೇರೇನೂ ಇಲ್ಲ. ಸಭೆಯ ನಡಾವಳಿಗಳನ್ನು ಸಂಶೋಧಕರು ಸಾಂವಿಧಾನಿಕ ಬೆಳವಣಿಗೆಯ ದಾಖಲೆಯಾಗಿ ಓದಿದಷ್ಟು ಕೆರೆಗಳ ದಾಖಲೆಯಾಗಿ ಓದಿಲ್ಲ.

1883ರಲ್ಲಿ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಹದಿನೆಂಟು ವರ್ಷಗಳ ಅವಧಿಯಲ್ಲಿ ಆದ್ಯತೆಗಳು ಸ್ಪಷ್ಟ ರೂಪ ಪಡೆದವು. ಬರ ಕಲಿಸಿದ ಪಾಠವೆಂದರೆ ಧಾನ್ಯ ಸಾಗಿಸಲು ರೈಲು, ಬೆಳೆ ಉಳಿಸಲು ನೀರು. ಇವೆರಡಕ್ಕೂ ಅವರು ಹಣ ಹೂಡಿದರು. ರೈಲಿಗೆ ಬೇಕಾದ ಬಂಡವಾಳ ಸಂಸ್ಥಾನದಲ್ಲಿ ಇರಲಿಲ್ಲವಾಗಿ 1886ರಲ್ಲಿ ಮಾರ್ಗವನ್ನು ಸದರನ್ ಮರಾಠಾ ಕಂಪನಿಗೆ ವಹಿಸಿ ಹರಿಹರದ ದಿಕ್ಕಿಗೆ ವಿಸ್ತರಿಸಲಾಯಿತು. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಬಳಿ ಮಾರಿಕಣಿವೆಯ ಕಟ್ಟೆ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಕೋಲಾರದ ಚಿನ್ನದ ಗಣಿಗಳ ರಾಜಧನ ಖಜಾನೆಗೆ ಹೊಸ ಆದಾಯವಾಯಿತು. ಆ ಗಣಿಗಳಿಗೆ ಶಿವನಸಮುದ್ರದಿಂದ 92 ಮೈಲಿ ದೂರ ತಂತಿಯ ಮೂಲಕ ವಿದ್ಯುತ್ತು ಹರಿದದ್ದು 1902ರಲ್ಲಿ. ಭೂಕಂದಾಯದ ನಂತರದ ದೊಡ್ಡ ಬಾಬಾಗಿ ಅಬಕಾರಿ ಬೆಳೆಯಿತು. ಹಳ್ಳಿಗನ ಹೆಂಡದ ಗಡಿಗೆಯೂ ಸಂಸ್ಥಾನದ ಪ್ರಗತಿಗೆ ತನ್ನ ಪಾಲು ಕೊಟ್ಟಿತೆನ್ನಬೇಕು. 1898ರ ಪ್ಲೇಗು ಬೆಂಗಳೂರಿಗೆ ಬಂದಾಗ ಸರ್ಕಾರ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳನ್ನು ನಿರ್ಮಿಸಿತು, ಜನ ಪ್ಲೇಗಮ್ಮನ ಗುಡಿಗಳನ್ನು ಕಟ್ಟಿದರು. ಮೊದಲನೆಯದರ ವೆಚ್ಚ ವರದಿಯಲ್ಲಿದೆ.

ಕೆರೆಗಳ ವಿಷಯದಲ್ಲಿ ಈ ಅವಧಿಯ ನೀತಿಯನ್ನು ಎಚ್ಚರದಿಂದ ಪರಿಶೀಲಿಸಬೇಕು. ಅಚ್ಚುಕಟ್ಟಿನ ಕಂದಾಯ ವರ್ಷಕ್ಕೆ 300 ರೂಪಾಯಿಗೆ ಮೀರಿದ ಕೆರೆಗಳು ದೊಡ್ಡ ಕೆರೆಗಳು, ಅವು ಇಂಜಿನಿಯರರ ಪಾಲು. ಅದಕ್ಕಿಂತ ಕಡಿಮೆಯವು ಸಣ್ಣ ಕೆರೆಗಳು, ಅವು ಕಂದಾಯ ಇಲಾಖೆಯ, ಅರ್ಥಾತ್ ಅಮಲ್ದಾರರ ಪಾಲು. ಸಣ್ಣ ಕೆರೆಗಳ ಜೀರ್ಣೋದ್ಧಾರದಲ್ಲಿ ಮಣ್ಣಿನ ಕೆಲಸ ರೈತರದು, ಕಲ್ಲುಗಾರೆಯ ಕೆಲಸ ಸರ್ಕಾರದ್ದು ಎಂಬ ವಿಭಜನೆ ರೂಢಿಗೆ ಬಂತು. ಮೇಲ್ನೋಟಕ್ಕೆ ಇದು ನ್ಯಾಯವಾದ ಹಂಚಿಕೆ. ಆದರೆ ಕೆರೆಯ ಏರಿಯನ್ನು ಕಂಡವರಿಗೆ ಗೊತ್ತು, ಅಲ್ಲಿ ಕಲ್ಲಿಗಿಂತ ಮಣ್ಣು ಹೆಚ್ಚು. ತೂಬು, ಕೋಡಿ, ಒಳಮೈಯ ಕಲ್ಲುಕಟ್ಟಡ ಇಷ್ಟನ್ನು ಬಿಟ್ಟರೆ ಉಳಿದುದೆಲ್ಲ ಮಣ್ಣು. ಹೂಳಂತೂ ಪೂರ್ತಿ ಮಣ್ಣು. ಆದಕಾರಣ ಸರ್ಕಾರದ ಲೆಕ್ಕದಲ್ಲಿ ಸಣ್ಣ ಕೆರೆಯ ವೆಚ್ಚ ಸಣ್ಣದಾಗಿ ಕಾಣುವುದು ಕೆರೆ ಸಣ್ಣದಾಗಿರುವುದರಿಂದ ಮಾತ್ರವಲ್ಲ, ವೆಚ್ಚದ ದೊಡ್ಡ ಭಾಗವನ್ನು ಲೆಕ್ಕದಿಂದ ಹೊರಗಿಟ್ಟಿರುವುದರಿಂದಲೂ ಹೌದು.

ಹೊರಗಿಟ್ಟ ಆ ಭಾಗವನ್ನು ಒದಗಿಸುತ್ತಿದ್ದ ಹಳೆಯ ಏರ್ಪಾಡು ಅಷ್ಟರಲ್ಲಿ ಸಡಿಲವಾಗತೊಡಗಿತ್ತು. ಕೆರೆಗೆಂದು ಬಿಟ್ಟಿದ್ದ ಇನಾಮು ಭೂಮಿಗಳ ಮೇಲೆ ವಿಚಾರಣೆಗಳು ನಡೆದವು. ಕಂದಾಯದ ಮೋಜಣಿ ಪ್ರತಿ ಗದ್ದೆಯನ್ನೂ ಒಬ್ಬ ಖಾತೆದಾರನ ಹೆಸರಿಗೆ ಕಟ್ಟಿತು. ಖಾತೆದಾರ ನಗದಿನಲ್ಲಿ ಕಂದಾಯ ಕಟ್ಟಿದ ಮೇಲೆ ನೀರು ಒದಗಿಸುವುದು ಸರ್ಕಾರದ ಹೊಣೆಯೆಂದು ಭಾವಿಸಿದ್ದರಲ್ಲಿ ತಪ್ಪಿಲ್ಲ. ಸರ್ಕಾರವಾದರೋ ಮಾಮೂಲು ದುರಸ್ತಿ ರೈತರ ಪುರಾತನ ಕರ್ತವ್ಯವೆಂದು ವಾದಿಸಿತು. ಸಂಪ್ರದಾಯದ ಹೆಸರಿನಲ್ಲಿ ಮಾತನಾಡಿದ್ದು ಇಲ್ಲಿ ಸರ್ಕಾರ, ಕರಾರಿನ ಹೆಸರಿನಲ್ಲಿ ಮಾತನಾಡಿದ್ದು ರೈತ. ಸಂಪ್ರದಾಯವೆಂದರೆ ಹಳ್ಳಿ, ಆಧುನಿಕತೆಯೆಂದರೆ ಸರ್ಕಾರ ಎಂದು ಸಲೀಸಾಗಿ ವಿಂಗಡಿಸುವ ನಮ್ಮ ಶಾಸ್ತ್ರದವರು ಈ ತಿರುವುಮುರುವನ್ನು ಗಮನಿಸಬೇಕು. 1911ರ ಕೆರೆ ಪಂಚಾಯಿತಿ ಶಾಸನ ಊರವರ ಹೊಣೆಯನ್ನು ಕಾನೂನಿನ ಚೌಕಟ್ಟಿಗೆ ತರುವ ಯತ್ನ. ರೂಢಿಯಲ್ಲಿ ತಾನಾಗಿ ನಡೆಯುತ್ತಿದ್ದುದಕ್ಕೆ ಶಾಸನ ಬೇಕಾಯಿತೆಂಬುದೇ ರೂಢಿ ಕುಸಿದಿತ್ತೆಂಬುದಕ್ಕೆ ಸಾಕ್ಷಿ.

ಅದೇ 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟಿನ ಕೆಲಸ ಆರಂಭವಾಯಿತು. ಮುಖ್ಯ ಇಂಜಿನಿಯರ್ ಆಗಿ ಅದನ್ನು ಯೋಜಿಸಿದ ವಿಶ್ವೇಶ್ವರಯ್ಯನವರು ಮರುವರ್ಷ ದಿವಾನರಾಗಿ 1918ರವರೆಗೆ ಇದ್ದರು. ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ, ಗಂಧದೆಣ್ಣೆ ಕಾರ್ಖಾನೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸಿದ್ಧತೆ ಇವೆಲ್ಲ ಆ ಆರು ವರ್ಷಗಳ ವೆಚ್ಚದ ದಿಕ್ಕನ್ನು ಹೇಳುತ್ತವೆ. ಮಂಡ್ಯದ ಬಯಲು ಹಸಿರಾದದ್ದನ್ನು ನೋಡಿದ ಯಾರೂ ಈ ಆದ್ಯತೆಯನ್ನು ತಪ್ಪೆನ್ನಲಾರರು. ಆ ಸೀಮೆಯ ಜನ ಅವರನ್ನೂ ನಾಲ್ವಡಿ ಕೃಷ್ಣರಾಜ ಒಡೆಯರನ್ನೂ ಹಾಡು ಮಾತುಗಳಲ್ಲಿ ದೇವರ ಸಾಲಿಗೆ ಸೇರಿಸಿರುವುದು ಸಕಾರಣವಾಗಿದೆ. ಆದರೆ ಒಂದು ಕಟ್ಟೆಗೆ ಒಂದು ಅಂದಾಜುಪಟ್ಟಿ, ಒಬ್ಬ ಇಂಜಿನಿಯರ್, ಒಂದು ಉದ್ಘಾಟನೆ ಇರುತ್ತದೆ. ಸಾವಿರಾರು ಏರಿಗಳಿಗೆ ಅವು ಯಾವುವೂ ಇರುವುದಿಲ್ಲ. ಮುಂಗಡಪತ್ರ ಎಂಬ ಬರಹದ ಪ್ರಕಾರವೇ ದೊಡ್ಡದಕ್ಕೆ ಒಲಿಯುವಂಥದು. ಹೊಸ ಕಾಮಗಾರಿ ಅದರಲ್ಲಿ ಹೆಸರು ಪಡೆಯುತ್ತದೆ, ದುರಸ್ತಿ ಅಡಕವಾಗುತ್ತದೆ.

ಆಯ್ಕೆಗೆ ಹೊರಗಿನ ಒತ್ತಡವೂ ಇತ್ತೆಂಬುದನ್ನು ಮರೆಯಬಾರದು. 1896ರಿಂದ ಪೊಗದಿ 35 ಲಕ್ಷವಾಯಿತಷ್ಟೆ. ಹೆಚ್ಚಳದ 10.5 ಲಕ್ಷವನ್ನು ರದ್ದುಪಡಿಸಿ ಹಿಂದಿನ 24.5 ಲಕ್ಷಕ್ಕೆ ಇಳಿಸಿದ್ದು 1928ರಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ. ಬಡ್ಡಿಯ ಮಾತನ್ನು ಬಿಟ್ಟು ಬರೀ ಹೆಚ್ಚಳವನ್ನು 32 ವರ್ಷಗಳಿಗೆ ಗುಣಿಸಿದರೆ 3 ಕೋಟಿ 36 ಲಕ್ಷ ರೂಪಾಯಿಯಾಗುತ್ತದೆ. 1881ರ ಸಂಸ್ಥಾನದ ಮೂರು ವರ್ಷದ ಒಟ್ಟು ಆದಾಯಕ್ಕೆ ಇದು ಸಮ. ಮಾದರಿ ಸಂಸ್ಥಾನವೆಂಬ ಬಿರುದನ್ನು ಕೊಟ್ಟವರೇ ಈ ಹಣವನ್ನೂ ಪಡೆದವರು.

1923ರ ಸುಧಾರಣೆಗಳು ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನವನ್ನು ನೀಡಿದವು. ಹೊಸ ತೆರಿಗೆಯನ್ನು ಹಾಕುವ ಮುನ್ನ ಸಭೆಯ ಅಭಿಪ್ರಾಯ ಪಡೆಯಬೇಕೆಂದಾಯಿತು. 1907ರಲ್ಲಿ ಏರ್ಪಟ್ಟಿದ್ದ ನ್ಯಾಯವಿಧಾಯಕ ಸಭೆಗೆ, ಕೆಲವು ಕಾದಿರಿಸಿದ ಬಾಬುಗಳನ್ನು ಹೊರತುಪಡಿಸಿ, ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಬಂತು. ದಸರೆಯ ಅಧಿವೇಶನದ ಜೊತೆಗೆ ಮಹಾರಾಜರ ವರ್ಧಂತಿಯ ಕಾಲದ ಅಧಿವೇಶನ ಮುಂಗಡಪತ್ರದ ಚರ್ಚೆಗೆ ಒದಗಿತು. ಸಂಸ್ಥಾನದ ಹಣಕಾಸಿನ ವರ್ಷ ಜುಲೈ 1ಕ್ಕೆ ಆರಂಭವಾಗುತ್ತಿದ್ದುದರಿಂದ ಇದು ಅನುಕೂಲವಾದ ಕಾಲ. ಅಷ್ಟೇ ಅಲ್ಲ, ಜೂನ್ ಎಂದರೆ ಮೃಗಶಿರ, ಆರಿದ್ರ ಮಳೆಗಳ ಕಾಲ; ರೈತ ವರ್ಷದ ಲೆಕ್ಕವನ್ನು ಹೊಸದಾಗಿ ಹೂಡುವುದೂ ಆಗಲೇ. ಸ್ವಾತಂತ್ರ್ಯಾನಂತರ ನಾವು ಒಪ್ಪಿಕೊಂಡ ಏಪ್ರಿಲ್–ಮಾರ್ಚ್ ವರ್ಷದಲ್ಲಿ ಮಳೆಗಾಲ ಬರುವ ಹೊತ್ತಿಗೆ ಹಣ ಬಿಡುಗಡೆಯ ಆದೇಶ ದಾರಿಯಲ್ಲಿರುತ್ತದೆ, ಮಾರ್ಚಿಯಲ್ಲಿ ಅವಸರದ ಕೆಲಸ ನಡೆಯುತ್ತದೆ. ಕೆರೆಯ ಮಣ್ಣಿನ ಕೆಲಸಕ್ಕೆ ಬೇಸಿಗೆಯ ನಡುವೆ ವರ್ಷ ಒಡೆಯುವುದಕ್ಕಿಂತ ಅನನುಕೂಲವಾದ ಏರ್ಪಾಡು ಬೇರೊಂದಿಲ್ಲ.

ಇಷ್ಟರಿಂದ, ಹಿಂದಿನ ಗ್ರಾಮವ್ಯವಸ್ಥೆ ಆದರ್ಶವಾಗಿತ್ತು, ಸರ್ಕಾರದ ಲೆಕ್ಕ ಅದನ್ನು ಕೆಡಿಸಿತು ಎಂಬ ತೀರ್ಮಾನಕ್ಕೆ ಹಾರುವುದು ಸುಲಭ. ಜಾನಪದ ಸಂಶೋಧನೆಯಲ್ಲಿ ಈ ಹಾರಿಕೆ ಒಂದು ಚಟವೇ ಆಗಿದೆ. ಜನಪದ ಆಕರಗಳೇ ಅದನ್ನು ತಡೆಯುತ್ತವೆ. ಕೆರೆಯ ನಿರ್ಮಾಣಕ್ಕೆ ನರಬಲಿ ಕೊಟ್ಟ ಕಥೆ ಕರ್ನಾಟಕದ ಉದ್ದಗಲಕ್ಕೂ ಇದೆ. ಉತ್ತರ ಕರ್ನಾಟಕದ 'ಕೆರೆಗೆ ಹಾರ' ಕಥನಗೀತದಲ್ಲಿ ಕಲ್ಲನಕೇರಿಯ ಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಿರಲು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡಲಾಗುತ್ತದೆ. ಮೈಸೂರು ಸಂಸ್ಥಾನದೊಳಗೇ ಇದ್ದ ಚನ್ನಗಿರಿಯ ಸೂಳೆಕೆರೆಗೆ, ಇಂದಿನ ಶಾಂತಿಸಾಗರಕ್ಕೆ, ಶಾಂತವ್ವೆಯ ಐತಿಹ್ಯ ಅಂಟಿಕೊಂಡಿದೆ. ಭಾಗೀರಥಿಯ ಹಾಡನ್ನು ತ್ಯಾಗದ ಮಹಾಕಾವ್ಯವೆಂದು ನಮ್ಮ ವಿಮರ್ಶೆ ಬಣ್ಣಿಸಿದೆ; ಸ್ತ್ರೀವಾದಿ ಓದುಗಳು ಅದನ್ನು ಸರಿಯಾಗಿಯೇ ಪ್ರಶ್ನಿಸಿವೆ. ಮುಂಗಡಪತ್ರದ ಚರಿತ್ರೆಯ ಜೊತೆಗಿಟ್ಟು ಓದಿದಾಗ ನನಗೆ ಕಾಣುವುದು ಇನ್ನೊಂದು. ಆ ಮನೆಯಲ್ಲಿ ಹಿರಿಯ ಸೊಸೆಯಂದಿರು ಇದ್ದಾರೆ, ಚರ್ಚೆ ನಡೆಯುತ್ತದೆ, ಯಾರನ್ನು ಕಳೆದುಕೊಂಡರೆ ಮನೆಯ ವ್ಯವಹಾರಕ್ಕೆ ಕಡಿಮೆ ಧಕ್ಕೆ ಎಂಬ ಎಣಿಕೆ ನಡೆಯುತ್ತದೆ. ಊರಿಗೆಲ್ಲ ದಕ್ಕುವ ನೀರಿನ ವೆಚ್ಚವನ್ನು ಮಾತನಾಡಲಾಗದ ಒಬ್ಬಳ ಮೇಲೆ ಹಾಕಿದ ನಿರ್ಣಯದ ಕಥೆ ಅದು. ಹಾಡಿದ ಹೆಣ್ಣುಮಕ್ಕಳಿಗೆ ಇದು ಗೊತ್ತಿತ್ತು.

ನೀರಗಂಟಿಯ ಕಡೆಗೆ ಮತ್ತೆ ಬರೋಣ. ಬಹಳ ಊರುಗಳಲ್ಲಿ ಆತ ಅಸ್ಪೃಶ್ಯವೆನಿಸಿದ ಸಮುದಾಯಕ್ಕೆ ಸೇರಿದವನು. ಎಲ್ಲರ ಗದ್ದೆಗೂ ನೀರು ಹಾಯಿಸುವ ಅವನಿಗೆ ಊರಬಾವಿಯ ನೀರನ್ನು ಮುಟ್ಟುವ ಹಾಗಿರಲಿಲ್ಲ. ಕಣದಲ್ಲಿ ಅಳೆಯುವ ಆಯವನ್ನು ಹಕ್ಕೆಂದು ನಾವು ಬರೆಯುತ್ತೇವೆ; ಕೊಡುವವನ ಕೈ ಬಿಗಿಯಾದರೆ ಆ ಹಕ್ಕನ್ನು ಆತ ಯಾರ ಮುಂದೆ ಸಾಧಿಸಬೇಕಿತ್ತು? ಏರಿಗೆ ಮಣ್ಣು ಹೊರುವ ಊರೊಟ್ಟಿನ ದುಡಿಮೆಯಲ್ಲಿಯೂ ಗದ್ದೆಯುಳ್ಳವನು ತನ್ನ ಬದಲಿಗೆ ಜೀತದಾಳನ್ನು ಕಳುಹಿಸಬಹುದಾಗಿತ್ತು. ರೈತರ ಪಾಲು ಎಂದು ಇಲಾಖೆ ಬರೆದುಕೊಂಡದ್ದು ಹೀಗೆ ಗದ್ದೆಯೇ ಇಲ್ಲದವರ ಪಾಲಾಗಿ ಪರಿಣಮಿಸಿದ್ದುಂಟು. ಪ್ರಜಾಪ್ರತಿನಿಧಿ ಸಭೆಯಲ್ಲಿ ಕೆರೆಗಾಗಿ ಅಹವಾಲು ಸಲ್ಲಿಸಿದವರು ಅಚ್ಚುಕಟ್ಟಿನ ಒಡೆಯರು, ನೀರಗಂಟಿಯಲ್ಲ.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಿಂದ ಜಾರಿಗೆ ಬಂದು ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿಗಳ ವಂಶಪಾರಂಪರ್ಯ ಹಕ್ಕು ಕೊನೆಗೊಂಡಿತು. ವಂಶಪಾರಂಪರ್ಯ ಚಾಕರಿಯಿಂದ ಬಿಡುಗಡೆ ದೊರೆತದ್ದು ದೊಡ್ಡ ವಿಷಯ. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ನೀರಗಂಟಿಯ ಜಾಗಕ್ಕೆ ಹಾಗೆ ಊರೂರಿಗೂ ಯಾರೂ ಬರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಎಂದೂ ಇಲ್ಲದಿದ್ದ ವೆಚ್ಚವೊಂದು ನಿಂತುಹೋದಾಗ ಸರ್ಕಾರದ ಲೆಕ್ಕದಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಇಂದು ಕರ್ನಾಟಕದಲ್ಲಿರುವ 36 ಸಾವಿರಕ್ಕೂ ಹೆಚ್ಚಿನ ಕೆರೆಗಳಲ್ಲಿ ಹೂಳು ತುಂಬಿದವುಗಳ ಸ್ಥಿತಿಗೆ ಕೊಳವೆಬಾವಿ, ಒತ್ತುವರಿ ಮೊದಲಾದ ಕಾರಣಗಳನ್ನು ಕೊಡಲಾಗುತ್ತದೆ, ಅವೆಲ್ಲ ನಿಜ. ಅವುಗಳ ಹಿಂದೆ ಈ ಖಾಲಿ ಬಿದ್ದ ಜಾಗವೂ ಇದೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಆರಂಭವಾದ ಸಮುದಾಯಾಧಾರಿತ ಕೆರೆ ಅಭಿವೃದ್ಧಿ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ, ಊರವರ ವಂತಿಗೆಯನ್ನು ಕೇಳಿದಾಗ, ಅದು 1911ರ ಶಾಸನದ ಮಾತನ್ನೇ ಹೊಸ ಪರಿಭಾಷೆಯಲ್ಲಿ ಆಡಿತು. ಈ ಬಾರಿ ಸಂಘದಲ್ಲಿ ಭೂರಹಿತರಿಗೂ ಮಹಿಳೆಯರಿಗೂ ಸ್ಥಾನ ಕೊಡಬೇಕೆಂಬ ನಿಯಮ ಸೇರಿದ್ದು ಹೊಸತು.

ಸಂಸ್ಥಾನದ ಕಾಲದ ಹೊರಗುಳಿದ ವೆಚ್ಚವನ್ನು ಅಂಕಿಯಲ್ಲಿ ಹೇಳಲು ಸಾಧ್ಯವೇ? ಭಾಗಶಃ ಸಾಧ್ಯವೆಂದು ನನ್ನ ಅಭಿಪ್ರಾಯ. ಯಾವ ಆಯಗಾರನಿಗೆ ಯಾವ ಸುಗ್ಗಿಯಲ್ಲಿ ಎಷ್ಟು ಕೊಳಗ ಸಂದಿತು, ಏರಿಯ ಕೆಲಸಕ್ಕೆ ಯಾವ ಮನೆಯಿಂದ ಎಷ್ಟು ಆಳು ಬಂತು ಎಂಬ ವಿವರಗಳನ್ನು ಶಾನುಭೋಗರು ತಮ್ಮ ಕಡತಗಳಲ್ಲಿ ಬರೆದಿಡುತ್ತಿದ್ದರು. ಮಸಿ ಮೆತ್ತಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಆ ಮಡಿಕೆಗಳನ್ನು ಮಠ, ಅರಮನೆಗಳಿಗೆ ಸಂಬಂಧಿಸಿದವಾದರೆ ವಿದ್ವಾಂಸರು ಪ್ರಕಟಿಸಿದ್ದಾರೆ. ಊರಿನ ಲೆಕ್ಕದವುಗಳನ್ನು ಯಾರೂ ಕೇಳುವುದಿಲ್ಲ. ಹುದ್ದೆ ಹೋದ ಮೇಲೆ ಅವು ಆಯಾ ಮನೆತನಗಳ ಅಟ್ಟದಲ್ಲಿಯೇ ಉಳಿದವು. ಒಂದೇ ಕೆರೆಯ ಅಚ್ಚುಕಟ್ಟಿಗೆ ಸೇರಿದ ನಾಲ್ಕಾರು ಊರುಗಳ ಕಡತಗಳನ್ನು ಸಂಗ್ರಹಿಸಿ, ಅದೇ ವರ್ಷಗಳ ಇಲಾಖೆಯ ವೆಚ್ಚದ ಪಟ್ಟಿ, ಪ್ರಜಾಪ್ರತಿನಿಧಿ ಸಭೆಯ ಅಹವಾಲುಗಳು ಹಾಗೂ ಆ ಕೆರೆಯ ಐತಿಹ್ಯಗಳ ಪಕ್ಕದಲ್ಲಿಟ್ಟು ಓದುವ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಾಗದು. ಬಳಪದ ಬರಹವನ್ನು ಓದಬಲ್ಲವರು ಬೇಕು. ಅಂಥವರು ಪ್ರತಿ ಜಿಲ್ಲೆಯಲ್ಲಿ ಈಗ ಬೆರಳೆಣಿಕೆಯಷ್ಟಿದ್ದಾರೆ, ಬಟ್ಟೆಯ ಮೇಲಿನ ಬಳಪವಂತೂ ಕೈಯ ಒರಸಿಗೇ ಅಳಿಸಿಹೋಗುತ್ತದೆ.